ಮಾನವ ಭೂಗೋಳ ಮತ್ತು ಸುಸ್ಥಿರತೆಯಲ್ಲಿ ಸ್ನಾತಕೋತ್ತರ ಅಧ್ಯಯನ: ಪ್ರಶ್ನೆ ಹುಡುಕುವುದರಿಂದ ಪ್ರಬಂಧ ಸಲ್ಲಿಸುವವರೆಗೆ

ಪದವಿ ಮುಗಿಸಿದವರು ಸ್ನಾತಕೋತ್ತರ ಅಧ್ಯಯನದ ಬಗ್ಗೆ ವಿಚಾರಿಸುವಾಗ ಮೊದಲು ಕೇಳುವುದು ಯಾವ ವಿಶ್ವವಿದ್ಯಾಲಯ ಒಳ್ಳೆಯದು ಎಂದು. ಮಾನವ ಭೂಗೋಳದ ಮಟ್ಟಿಗೆ ಆ ಪ್ರಶ್ನೆಯನ್ನು ಮೂರನೆಯದಾಗಿಯೋ ನಾಲ್ಕನೆಯದಾಗಿಯೋ ಕೇಳಿಕೊಳ್ಳುವುದು ಲೇಸು. ಒಂದು ಪ್ರದೇಶದ ನೆಲ, ನೀರು, ಕಾಡು, ದಾರಿ, ಮನೆಗಳನ್ನು ಜನ ಹೇಗೆ ಬಳಸುತ್ತಾರೆ, ಯಾರ ಪಾಲಿಗೆ ಎಷ್ಟು ಬರುತ್ತದೆ, ಯಾರ ಕೈ ತಪ್ಪುತ್ತದೆ ಎಂಬುದನ್ನು ವಿಚಾರಿಸುವ ಶಾಸ್ತ್ರ ಇದು. ಮುಂದಿನ ಪೀಳಿಗೆಯ ಪಾಲನ್ನು ಕಸಿಯದೆ ಇಂದಿನ ಅಗತ್ಯ ಪೂರೈಸಿಕೊಳ್ಳುವ ಸುಸ್ಥಿರತೆಯ ಮಾತು 1987ರ ಬ್ರಂಟ್‌ಲ್ಯಾಂಡ್ ಆಯೋಗದ ವರದಿಯಿಂದ ಪ್ರಚಾರಕ್ಕೆ ಬಂದು, 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಗುರಿಗಳ ಮೂಲಕ ನಮ್ಮ ಜಿಲ್ಲಾ ಪಂಚಾಯಿತಿಗಳ ಕಡತಗಳವರೆಗೂ ತಲುಪಿದೆ. ಇವೆರಡನ್ನೂ ಜೋಡಿಸುವ ಕೋರ್ಸುಗಳು ಹತ್ತಾರು ಹೆಸರಿನಲ್ಲಿ, ಹತ್ತಾರು ವಿಭಾಗಗಳಲ್ಲಿ ಹಂಚಿಹೋಗಿವೆ. ಹೆಸರು ನೋಡಿ ಕೋರ್ಸು ಆರಿಸಿದವರು ಮೊದಲ ಸೆಮಿಸ್ಟರಿನಲ್ಲೇ ತಬ್ಬಿಬ್ಬಾಗುವುದಕ್ಕೆ ಇದೇ ಕಾರಣ. ತಮ್ಮದೇ ಒಂದು ಪ್ರಶ್ನೆಯನ್ನು ಹಿಡಿದು ಹೊರಟವರಿಗೆ ಕೋರ್ಸು, ಊರು, ಹಣದ ದಾರಿ ಮೂರನ್ನೂ ನಿರ್ಧರಿಸುವುದು ಸುಲಭವಾಗುತ್ತದೆ.

ಹಂತ 1: ನಿಮ್ಮ ಪ್ರಶ್ನೆಯನ್ನು ಒಂದು ಜಾಗದ ಮೇಲೆ ನಿಲ್ಲಿಸಿ

"ಹವಾಮಾನ ಬದಲಾವಣೆ", "ನಗರೀಕರಣ" ಮುಂತಾದವು ಪ್ರಶ್ನೆಗಳಲ್ಲ, ಬರಿಯ ತಲೆಬರಹಗಳು. ಪ್ರಶ್ನೆಯೆಂದರೆ ಹೇಗಿರಬೇಕು ಎಂಬುದಕ್ಕೆ ತುಮಕೂರು ಜಿಲ್ಲೆಯ ಪಾವಗಡವನ್ನೇ ತೆಗೆದುಕೊಳ್ಳೋಣ. ಅಲ್ಲಿನ ಸೌರ ಪಾರ್ಕು ತಿರುಮಣಿ, ವಳ್ಳೂರು, ಬಾಲಸಮುದ್ರ ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿದೆ. ಸ್ಥಾಪಿತ ಸಾಮರ್ಥ್ಯ 2,050 ಮೆಗಾವಾಟ್. ಮೊದಲ ಹಂತ 2018ರಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ತಿಯಾಯಿತು. ಸರ್ಕಾರ ಇಲ್ಲಿ ಜಮೀನನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ. ರೈತರಿಂದ 28 ವರ್ಷಗಳ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಸುವ ಬಾಡಿಗೆ ಒಪ್ಪಂದ ಮಾಡಿಕೊಂಡಿತು. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತಿ ವರ್ಷವರ್ಷವೂ ಸೋಲುತ್ತಿದ್ದ ಹಿಡುವಳಿದಾರರಿಗೆ ಇದು ನಿಶ್ಚಿತ ಆದಾಯವಾಯಿತು ಎಂಬುದು ನಿಜ.

ಮಾನವ ಭೂಗೋಳದ ವಿದ್ಯಾರ್ಥಿಯ ಕೆಲಸ ಶುರುವಾಗುವುದು ಇದರಾಚೆಗೆ. ಪಹಣಿಯಲ್ಲಿ ಹೆಸರಿದ್ದವರಿಗೆ ಬಾಡಿಗೆ ಬರುತ್ತದೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಭೂರಹಿತ ಕೂಲಿಯವರಿಗೆ ಏನು ಬಂತು? ಬೆಳೆ ಕೊಯ್ದ ಮೇಲೆ ಬೀಳುಬಿಟ್ಟ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರು ಈಗ ಬೇಲಿಯ ಸುತ್ತ ಎಷ್ಟು ದೂರ ನಡೆಯುತ್ತಾರೆ? ಬಗರ್ ಹುಕುಂ (ಸರ್ಕಾರಿ ನೆಲದ ಸಾಗುವಳಿಯನ್ನು ಸಕ್ರಮಗೊಳಿಸುವ) ಅರ್ಜಿ ಇನ್ನೂ ಇತ್ಯರ್ಥವಾಗದೆ ಉಳಿದವರ, ಪೌತಿ ಖಾತೆಯಾಗದೆ (ಸತ್ತವರಿಂದ ವಾರಸುದಾರರಿಗೆ ಖಾತೆ ಬದಲಾಗದೆ) ಪಹಣಿ ಅಜ್ಜನ ಹೆಸರಿನಲ್ಲೇ ಇರುವ ಕುಟುಂಬಗಳ ಸ್ಥಿತಿಯೇನು? ಬಾಡಿಗೆ ಹಣ ಮನೆಯ ಯಾರ ಖಾತೆಗೆ ಜಮೆಯಾಗುತ್ತದೆ, ಅದರಲ್ಲಿ ಹೆಂಗಸರ ಮಾತು ನಡೆಯುತ್ತದೆಯೇ? ಇಂಗಾಲದ ಲೆಕ್ಕದಲ್ಲಿ ಸುಸ್ಥಿರವೆನಿಸಿದ ಯೋಜನೆ ಊರಿನ ಲೆಕ್ಕದಲ್ಲಿ ಯಾರಿಗೆ ಸುಸ್ಥಿರ ಎಂಬುದು ಇವೆಲ್ಲದರ ಹಿಂದಿರುವ ಪ್ರಶ್ನೆ. ಇದು ಒಂದು ಸ್ನಾತಕೋತ್ತರ ಪ್ರಬಂಧಕ್ಕೆ ಸಾಕು, ಪಿಎಚ್.ಡಿ.ಗೂ ಸಾಲಬಹುದು.

ನಿಮ್ಮದು ಬೇರೆ ಊರು, ಬೇರೆ ಸಂಗತಿ ಇರಬಹುದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿದ ಮೇಲೆ ಕೆಳಗಿನ ಹೊಲಗಳ ಬೆಳೆ ಹೇಗೆ ಬದಲಾಯಿತು? ಪಶ್ಚಿಮ ಘಟ್ಟದ ಸಂರಕ್ಷಣೆಯ ಬಗ್ಗೆ 2011ರ ಗಾಡ್ಗೀಳ್ ಸಮಿತಿಯೂ 2013ರ ಕಸ್ತೂರಿರಂಗನ್ ಸಮಿತಿಯೂ ವರದಿ ಕೊಟ್ಟ ಮೇಲೆ ಮಲೆನಾಡಿನ ಗ್ರಾಮಸಭೆಗಳಲ್ಲಿ ವಿರೋಧ ಯಾವ ಭಾಷೆಯಲ್ಲಿ ಬಂತು? ಇಂಥದ್ದೊಂದನ್ನು ಆರಿಸಿ, ಅರ್ಧ ಪುಟದಲ್ಲಿ ಬರೆದು, ಜಾಗದ ಹೆಸರು, ಅಲ್ಲಿನ ಜನವರ್ಗ, ಅವರ ನಡುವಿನ ತಕರಾರು ಮೂರೂ ಅದರಲ್ಲಿ ಇವೆಯೇ ನೋಡಿಕೊಳ್ಳಿ. ಮೂರರಲ್ಲಿ ಒಂದಿಲ್ಲದಿದ್ದರೂ ಅದು ಇನ್ನೂ ತಲೆಬರಹವೇ.

ಹಂತ 2: ಪಠ್ಯಕ್ರಮವನ್ನು ಓದಿ ಕೋರ್ಸಿನ ಜಾತಿ ಗುರುತಿಸಿ

ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಕೋರ್ಸುಗಳು ಸ್ಥೂಲವಾಗಿ ಮೂರು ಬಗೆ. ಮೊದಲನೆಯದು ಭೂಗೋಳಶಾಸ್ತ್ರ ವಿಭಾಗದ ಎಂ.ಎ. ಅಥವಾ ಎಂ.ಎಸ್ಸಿ. ಇಲ್ಲಿ ಮಾನವ ಭೂಗೋಳದ ಜೊತೆಗೆ ಭೂರೂಪಶಾಸ್ತ್ರ, ವಾಯುಗುಣಶಾಸ್ತ್ರ, ನಕಾಶೆಶಾಸ್ತ್ರ, ದೂರಸಂವೇದಿ (ಉಪಗ್ರಹ ಚಿತ್ರಗಳ ಓದು) ಇವನ್ನೂ ಓದಬೇಕು. ಎರಡನೆಯದು ಅಭಿವೃದ್ಧಿ ಅಧ್ಯಯನ. ಇದರಲ್ಲಿ ಬಡತನ, ನೀತಿ, ಸಂಸ್ಥೆಗಳ ಚರ್ಚೆ ಹೆಚ್ಚು, ನಕಾಶೆ ಕಡಿಮೆ. ಮೂರನೆಯದು ಸುಸ್ಥಿರತೆ ಅಥವಾ ಪರಿಸರ ಆಡಳಿತದ ಹೆಸರಿನ ಅಂತರಶಾಸ್ತ್ರೀಯ ಕೋರ್ಸು. ಇದರ ಗುಣಮಟ್ಟದಲ್ಲಿ ಅಜಗಜಾಂತರವಿದೆ. ಕೆಲವು ಕೋರ್ಸುಗಳು ಕಂಪನಿಗಳ ವಾರ್ಷಿಕ ವರದಿಗೆ ಅಂಕಿಅಂಶ ತುಂಬಿಸುವುದನ್ನು ಕಲಿಸುವುದರಲ್ಲೇ ಮುಗಿಯುತ್ತವೆ.

ಜಾಲತಾಣದ ಪರಿಚಯ ಪುಟವನ್ನು ಬಿಟ್ಟು ಪಠ್ಯಕ್ರಮದ ಪಿಡಿಎಫ್ ತೆರೆಯಿರಿ. ಸಂಶೋಧನಾ ವಿಧಾನಕ್ಕೆ ಎಷ್ಟು ಕ್ರೆಡಿಟ್, ಕ್ಷೇತ್ರಕಾರ್ಯ ಕಡ್ಡಾಯವೇ, ಪ್ರಬಂಧಕ್ಕೆ ಎಷ್ಟು ಪಾಲು ಎಂದು ನೋಡಿ. ಬ್ರಿಟನ್ನಿನ ಒಂದು ವರ್ಷದ ಕೋರ್ಸುಗಳಲ್ಲಿ ಸಾಮಾನ್ಯವಾಗಿ 180 ಕ್ರೆಡಿಟ್‌ಗಳಿದ್ದು ಅವುಗಳಲ್ಲಿ 60ರಷ್ಟು ಪ್ರಬಂಧಕ್ಕೇ ಮೀಸಲು. ನಮ್ಮ ಕಡೆಯ ಕೆಲವು ವಿಭಾಗಗಳಲ್ಲಿ ಪ್ರಬಂಧವು ನಾಲ್ಕನೆಯ ಸೆಮಿಸ್ಟರಿನ ಒಂದು ಪತ್ರಿಕೆಯಷ್ಟೇ. ಅನಂತರ ಅಧ್ಯಾಪಕರ ಪಟ್ಟಿ ನೋಡಿ. ನಿಮ್ಮ ಪ್ರಶ್ನೆಯ ಹತ್ತಿರ ಕೆಲಸ ಮಾಡಿದವರು ಇಬ್ಬರಾದರೂ ಇರಬೇಕು. ಒಬ್ಬರೇ ಇದ್ದರೆ ಅವರು ರಜೆಯ ಮೇಲೆ ಹೋದ ವರ್ಷ ನಿಮ್ಮ ಪ್ರಬಂಧ ಅನಾಥವಾಗುತ್ತದೆ.

ಹಂತ 3: ಪದವಿಯ ಹೆಸರು ಮುಂದೆ ಎಲ್ಲಿ ತೊಡಕಾಗುತ್ತದೆ ಎಂದು ತಿಳಿದುಕೊಳ್ಳಿ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ನೌಕರಿಯ ಅಧಿಸೂಚನೆ ಬಂದಾಗ ಪೇಚಾಡುತ್ತಾರೆ. ಕಾಲೇಜು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂಬಂಧಿಸಿದ ವಿಷಯದಲ್ಲಿ ಶೇ. 55 ಅಂಕಗಳ ಸ್ನಾತಕೋತ್ತರ ಪದವಿ ಬೇಕು, ಮೀಸಲು ವರ್ಗಗಳಿಗೆ ಸಡಿಲಿಕೆ ಇದೆ. ಜೊತೆಗೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯಮಟ್ಟದ ಕೆ–ಸೆಟ್ ಪರೀಕ್ಷೆಯ ಅರ್ಹತೆಯನ್ನೂ ಕೇಳುತ್ತಾರೆ. ನಿಮ್ಮ ಅಂಕಪಟ್ಟಿಯಲ್ಲಿ "ಸುಸ್ಥಿರ ಅಭಿವೃದ್ಧಿ" ಎಂದಿದ್ದು ಅಧಿಸೂಚನೆಯಲ್ಲಿ "ಭೂಗೋಳಶಾಸ್ತ್ರ" ಎಂದಿದ್ದರೆ ದಾಖಲೆ ಪರಿಶೀಲನೆಯ ದಿನ ವಾದ ಮಾಡುತ್ತ ನಿಲ್ಲಬೇಕಾಗುತ್ತದೆ. ಪದವಿಪೂರ್ವ ಕಾಲೇಜಿನ ಉಪನ್ಯಾಸಕ ಹುದ್ದೆಗೂ ಇದೇ ಮಾತು, ಅಲ್ಲಿ ಬಿ.ಎಡ್. ಕೂಡ ಬೇಕು. ಅಧ್ಯಾಪನವೇ ಗುರಿಯಾಗಿದ್ದರೆ ಭೂಗೋಳಶಾಸ್ತ್ರ ಎಂಬ ಹೆಸರಿನ ಪದವಿಯನ್ನೇ ಪಡೆಯಿರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ವಯಂಸೇವಾ ಸಂಸ್ಥೆ, ಸಂಶೋಧನಾ ಸಂಸ್ಥೆ, ಖಾಸಗಿ ಸಲಹಾ ಸಂಸ್ಥೆಗಳ ಕಡೆಗೆ ಹೋಗುವವರಿಗೆ ಹೆಸರು ಅಷ್ಟು ಮುಖ್ಯವಲ್ಲ.

ವಿದೇಶದಿಂದ ಪದವಿ ತಂದವರು ಇಲ್ಲಿನ ಸರ್ಕಾರಿ ಹುದ್ದೆ ಅಥವಾ ಪಿಎಚ್.ಡಿ.ಗೆ ಅರ್ಜಿ ಹಾಕುವಾಗ ತತ್ಸಮಾನ ಪ್ರಮಾಣಪತ್ರ ತೋರಿಸಬೇಕಾಗುತ್ತದೆ. ಬಹುಕಾಲ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಕೊಡುತ್ತಿದ್ದ ಈ ಪ್ರಮಾಣಪತ್ರದ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025ರಲ್ಲಿ ಹೊಸ ನಿಯಮಾವಳಿ ಹೊರಡಿಸಿದೆ. ಒಂದು ವರ್ಷದ ಪದವಿಗೆ ಹೋಗುವವರು ಹೊರಡುವ ಮೊದಲೇ ಅದನ್ನು ಓದಿಕೊಳ್ಳಬೇಕು.

ಹಂತ 4: ಎಲ್ಲಿ ಓದುವುದು

ಕರ್ನಾಟಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಗಳಲ್ಲಿ ಭೂಗೋಳಶಾಸ್ತ್ರದ ಸ್ನಾತಕೋತ್ತರ ವಿಭಾಗಗಳಿವೆ. ಮೈಸೂರಿಗೆ ಪ್ರಾದೇಶಿಕ ಯೋಜನೆಯ ಹಳೆಯ ಪರಂಪರೆಯೇ ಇದೆ. ಅಲ್ಲಿನ ಅಭಿವೃದ್ಧಿ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು ಭೂಗೋಳಶಾಸ್ತ್ರಜ್ಞ ಆರ್.ಪಿ. ಮಿಶ್ರ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ವಿಭಾಗವಿದ್ದು ಪ್ರವೇಶ ಸಿಯುಇಟಿ ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ರಾಜ್ಯ ವಿಶ್ವವಿದ್ಯಾಲಯಗಳಿಗೆ ಅವುಗಳ ಏಕೀಕೃತ ಯುಯುಸಿಎಂಎಸ್ ಜಾಲತಾಣದ ಅಧಿಸೂಚನೆಗಳನ್ನು ಗಮನಿಸುತ್ತಿರಬೇಕು. ಶುಲ್ಕ ಕಡಿಮೆ, ಹಾಸ್ಟೆಲ್ ಸಿಗುವ ಸಾಧ್ಯತೆ ಹೆಚ್ಚು, ಕ್ಷೇತ್ರ ಹತ್ತಿರ ಎಂಬ ಮೂರು ಅನುಕೂಲಗಳನ್ನು ಲಘುವಾಗಿ ನೋಡಬೇಡಿ. ಪುಸ್ತಕ, ಪತ್ರಿಕೆ, ಸಿದ್ಧಾಂತದ ಓದಿನಲ್ಲಿ ಇರುವ ಕೊರತೆಯನ್ನು ನೀವೇ ತುಂಬಿಕೊಳ್ಳಬೇಕು ಎಂಬುದೂ ಅಷ್ಟೇ ನಿಜ.

ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನದ ಎಂ.ಎ. ಕ್ಷೇತ್ರಕಾರ್ಯಕ್ಕೆ ಒತ್ತು ಕೊಡುವ ಕೋರ್ಸು. ಕುಟುಂಬದ ಆದಾಯಕ್ಕೆ ತಕ್ಕಂತೆ ಶುಲ್ಕ ವಿನಾಯಿತಿಯೂ ಇದೆ. ದೆಹಲಿಯಲ್ಲಿ ಜೆಎನ್‌ಯುವಿನ ಪ್ರಾದೇಶಿಕ ಅಭಿವೃದ್ಧಿ ಅಧ್ಯಯನ ಕೇಂದ್ರ, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ಭೂಗೋಳಶಾಸ್ತ್ರ ವಿಭಾಗ, ಟೆರಿ ಉನ್ನತ ಅಧ್ಯಯನ ಸಂಸ್ಥೆ ಇವು ಗಮನಿಸಬೇಕಾದವು. ಮೊದಲ ಎರಡಕ್ಕೆ ಸಿಯುಇಟಿ ಪಿಜಿ ಬರೆಯಬೇಕು.

ವಿದೇಶದ ಪೈಕಿ ಭೂಗೋಳಶಾಸ್ತ್ರವೂ ಸುಸ್ಥಿರತೆಯೂ ನಿಜವಾಗಿ ಬೆರೆತಿರುವ ಒಂದು ಉದಾಹರಣೆಯೆಂದರೆ ಜರ್ಮನಿಯ ಬಾನ್ ವಿಶ್ವವಿದ್ಯಾಲಯವು ವಿಶ್ವಸಂಸ್ಥೆ ವಿಶ್ವವಿದ್ಯಾಲಯದ ಸಂಸ್ಥೆಯೊಂದರ ಜೊತೆ ಸೇರಿ ನಡೆಸುವ, ಪರಿಸರದ ಅಪಾಯಗಳು ಮತ್ತು ಮಾನವ ಭದ್ರತೆಯ ಭೂಗೋಳವನ್ನು ಕುರಿತ ಎರಡು ವರ್ಷಗಳ ಎಂ.ಎಸ್ಸಿ. ಬೋಧನೆ ಇಂಗ್ಲಿಷಿನಲ್ಲಿ. ಫ್ರೈಬುರ್ಗ್‌ನಲ್ಲಿ ಪರಿಸರ ಆಡಳಿತದ ಕೋರ್ಸು ಇದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸುಸ್ಥಿರತಾ ವಿಜ್ಞಾನದ ಕೋರ್ಸು 1997ರಿಂದ ನಡೆಯುತ್ತಿದೆ. ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್‌ನ ಭೂಗೋಳ ಶಾಲೆಯಲ್ಲಿ ನಿಸರ್ಗ, ಸಮಾಜ ಮತ್ತು ಪರಿಸರ ಆಡಳಿತದ ಎಂ.ಎಸ್ಸಿ. ಇದೆ. ಒಂದು ವರ್ಷದ ಕೋರ್ಸಿನಲ್ಲಿ ಕ್ಷೇತ್ರಕಾರ್ಯಕ್ಕೆ ಸಿಗುವುದು ಬೇಸಿಗೆಯ ಕೆಲವೇ ವಾರಗಳು. ಪಾವಗಡದಂಥ ಕಡೆ ನಿಧಾನವಾಗಿ ಕೆಲಸ ಮಾಡಬಯಸುವವರಿಗೆ ಎರಡು ವರ್ಷದ ಕೋರ್ಸೇ ವಾಸಿ.

ಹಂತ 5: ಅರ್ಹತೆ, ಕಾಗದಪತ್ರ, ಕಾಲ

ಕರ್ನಾಟಕದಲ್ಲಿ 2021–22ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆಯನ್ನು 2024–25ರಿಂದ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿದ್ದರಿಂದ, ಒಂದೇ ಕಾಲೇಜಿನ ಹಿಂದುಮುಂದಿನ ಬ್ಯಾಚುಗಳ ಅಂಕಪಟ್ಟಿಗಳೇ ಬೇರೆಬೇರೆ ರೀತಿ ಕಾಣುತ್ತವೆ. ವಿದೇಶಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ ನಿಮ್ಮ ಪದವಿ ಎಷ್ಟು ವರ್ಷದ್ದು, ಎಷ್ಟು ಕ್ರೆಡಿಟ್ಟಿನದು ಎಂಬುದಕ್ಕೆ ಕಾಲೇಜಿನಿಂದ ಒಂದು ಪತ್ರ ಪಡೆದಿಟ್ಟುಕೊಳ್ಳಿ. ವಿಶ್ವವಿದ್ಯಾಲಯದ ಮೊಹರಿನ ಟ್ರಾನ್ಸ್‌ಕ್ರಿಪ್ಟ್‌ಗೆ ಐದನೆಯ ಸೆಮಿಸ್ಟರ್ ಮುಗಿದ ಕೂಡಲೇ ಓಡಾಡಿ. ಪರೀಕ್ಷಾಂಗ ವಿಭಾಗದ ಕಿಟಕಿಯಲ್ಲಿ "ನಾಳೆ ಬನ್ನಿ" ಎಂಬುದು ಯಾವ ಅರ್ಥ ಕೊಡುತ್ತದೆಂದು ಎಲ್ಲರಿಗೂ ಗೊತ್ತು.

ಜರ್ಮನಿಗೆ ಹೋಗುವ ಭಾರತೀಯರಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ (ಅಂಕಪಟ್ಟಿಗಳು ಅಸಲಿ ಎಂಬ ದೃಢೀಕರಣ) ಕಡ್ಡಾಯ. ಸ್ವೀಡನ್ನಿನ ಎಲ್ಲ ವಿಶ್ವವಿದ್ಯಾಲಯಗಳಿಗೂ ಒಂದೇ ಕೇಂದ್ರೀಯ ಅರ್ಜಿ. ಶರತ್ಕಾಲದ ಪ್ರವೇಶಕ್ಕೆ ಹಿಂದಿನ ಅಕ್ಟೋಬರ್ ಮಧ್ಯದಲ್ಲಿ ತೆರೆದು ಜನವರಿ ಮಧ್ಯದಲ್ಲಿ ಮುಚ್ಚುತ್ತದೆ. ಇಂಗ್ಲಿಷ್ ಪರೀಕ್ಷೆಯಲ್ಲಿ ಐಇಎಲ್‌ಟಿಎಸ್ 6.5 ಸಾಮಾನ್ಯ ಮಟ್ಟ, ಕೆಲವೆಡೆ 7. ಕೆಲವು ಬ್ರಿಟಿಷ್ ವಿಶ್ವವಿದ್ಯಾಲಯಗಳು ಹನ್ನೆರಡನೆಯ ತರಗತಿಯ ಇಂಗ್ಲಿಷ್ ಅಂಕಗಳನ್ನೇ ಒಪ್ಪುತ್ತವೆ. ಯಾವ ಬೋರ್ಡಿನದು ಒಪ್ಪಿಗೆ ಎಂದು ಪ್ರವೇಶ ಕಚೇರಿಗೆ ಇಮೇಲ್ ಮಾಡಿ ಕೇಳಿದರೆ ಪರೀಕ್ಷೆಯ ಖರ್ಚು ಉಳಿಯಬಹುದು.

ಹಂತ 6: ಹಣದ ದಾರಿ

ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಫ್ರೈಬುರ್ಗ್ ಇರುವ ಬಾಡೆನ್–ವ್ಯುರ್ಟೆಂಬೆರ್ಗ್ ರಾಜ್ಯದಲ್ಲಾದರೋ ಐರೋಪ್ಯ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಶುಲ್ಕವಿಲ್ಲ ಎಂದರೆ ಖರ್ಚಿಲ್ಲ ಎಂದಲ್ಲ. ವೀಸಾಕ್ಕಾಗಿ ಒಂದು ವರ್ಷದ ಜೀವನವೆಚ್ಚವನ್ನು ನಿರ್ಬಂಧಿತ (ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ) ಖಾತೆಯಲ್ಲಿ ಮೊದಲೇ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತ 11,904 ಯೂರೋಗೆ ಏರಿತು. ಬ್ರಿಟನ್ನಿನ ವೀಸಾಕ್ಕೆ ನಿಗದಿತ ಹಣ ಖಾತೆಯಲ್ಲಿ ಸತತ 28 ದಿನ ಇದ್ದುದನ್ನು ತೋರಿಸಬೇಕು. ನಡುವೆ ಒಂದು ದಿನ ಕಡಿಮೆಯಾದರೂ ಅರ್ಜಿ ತಿರಸ್ಕೃತವಾಗಬಹುದು.

ವಿದ್ಯಾರ್ಥಿವೇತನಗಳಲ್ಲಿ ಬ್ರಿಟನ್ ಸರ್ಕಾರದ ಚೀವ್ನಿಂಗ್ ಬಯಸುವವರಿಗೆ 2,800 ಗಂಟೆಗಳ ಕೆಲಸದ ಅನುಭವ ಇರಬೇಕು, ಓದಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ಜಂಟಿ ಕೋರ್ಸುಗಳ ವಿದ್ಯಾರ್ಥಿವೇತನ ತಿಂಗಳಿಗೆ 1,400 ಯೂರೋ, ಶುಲ್ಕ ಪ್ರತ್ಯೇಕವಾಗಿ ಮಾಫಿ. 1892ರಲ್ಲಿ ಆರಂಭವಾದ ಜೆ.ಎನ್. ಟಾಟಾ ದತ್ತಿ ಕೊಡುವುದು ಸಾಲ ರೂಪದ ನೆರವು. ಕರ್ನಾಟಕದ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳು ಸಮಾಜ ಕಲ್ಯಾಣ ಇಲಾಖೆಯ ವಿದೇಶ ವ್ಯಾಸಂಗದ "ಪ್ರಬುದ್ಧ" ಯೋಜನೆಯನ್ನು ವಿಚಾರಿಸಬೇಕು; ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಪ್ರಕಟಣೆಗಳನ್ನೂ ನೋಡುತ್ತಿರಬೇಕು.

ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ವಿಚಾರದಲ್ಲಿ ನಮ್ಮ ಶಾಸ್ತ್ರದವರು ವಿಶೇಷವಾಗಿ ಎಚ್ಚರವಾಗಿರಬೇಕು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿಕಾರ್ಮಿಕ ಕುಟುಂಬಗಳವರಿಗಾಗಿ ಇರುವ ಈ ಯೋಜನೆಯ 2022ರ ಮಾರ್ಗಸೂಚಿಯಲ್ಲಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನಗಳಿಗೆ ನೆರವಿಲ್ಲ ಎಂಬ ಷರತ್ತು ಸೇರಿತು. ಭೂರಹಿತರ ಮಕ್ಕಳು ಭೂರಹಿತರ ಬಗ್ಗೆ ಓದಲು ಹೊರಟರೆ ಹಣವಿಲ್ಲ ಎಂಬಂಥ ಈ ನಿಯಮ ನನ್ನ ದೃಷ್ಟಿಯಲ್ಲಿ ಅನ್ಯಾಯವೇ. ಆದರೂ ಅರ್ಜಿ ಹಾಕುವ ವರ್ಷದ ಮಾರ್ಗಸೂಚಿಯನ್ನು ಸಾಲುಸಾಲಾಗಿ ಓದಿಯೇ ವಿಷಯ ಬರೆಯಬೇಕು.

ಹಂತ 7: ಉದ್ದೇಶಪತ್ರ ಮತ್ತು ಶಿಫಾರಸು ಪತ್ರ

"ಬಾಲ್ಯದಿಂದಲೂ ನನಗೆ ಪ್ರಕೃತಿಯೆಂದರೆ ಪ್ರೀತಿ, ಹವಾಮಾನ ಬದಲಾವಣೆ ಇಂದಿನ ದೊಡ್ಡ ಸವಾಲು" ಎಂದು ಆರಂಭವಾಗುವ ಉದ್ದೇಶಪತ್ರವನ್ನು ಆಯ್ಕೆ ಸಮಿತಿಯವರು ಒಂದೇ ದಿನ ಹತ್ತು ಸಲ ಓದಿರುತ್ತಾರೆ. ಅದರ ಬದಲು ಹೀಗೆ ಬರೆಯಬಹುದು: "ಪಾವಗಡದ ಸೌರ ಪಾರ್ಕಿಗೆ ಜಮೀನು ಕೊಟ್ಟವರಿಗೆ ಬಾಡಿಗೆ ಸಿಗುತ್ತಿದೆ, ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರು ಒಪ್ಪಂದದಲ್ಲಿ ಎಲ್ಲಿಯೂ ಇಲ್ಲ. ಭೂಮಿಯ ದಾಖಲೆಯಲ್ಲಿ ಕಾಣದವರನ್ನು ಇಂಧನ ಯೋಜನೆಗಳು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು ಅಭ್ಯಸಿಸಲು ನಿಮ್ಮ ವಿಭಾಗದ ಇಂಥ ಪತ್ರಿಕೆ ನನಗೆ ಬೇಕು." ಒಂದನೆಯ ಹಂತದ ಅರ್ಧ ಪುಟ ಇಲ್ಲಿ ಕೆಲಸಕ್ಕೆ ಬರುತ್ತದೆ. ಪೇಟೆಯ ಸಲಹಾ ಕೇಂದ್ರದವರು ದುಡ್ಡಿಗೆ ಬರೆದುಕೊಡುವ ಪತ್ರಗಳಲ್ಲಿ ಇಂಥ ಸಾಲು ಬರುವುದಿಲ್ಲ.

ಶಿಫಾರಸು ಪತ್ರಕ್ಕೆ ಪ್ರಾಂಶುಪಾಲರ ಬೆನ್ನು ಹತ್ತಬೇಡಿ. ನಿಮ್ಮ ಕಿರುಪ್ರಬಂಧವನ್ನೋ ಸೆಮಿನಾರನ್ನೋ ನೋಡಿದ ಮೇಷ್ಟ್ರು ಅಥವಾ ಮೇಡಂ ಬರೆದ ಒಂದು ಪುಟಕ್ಕೆ ಹೆಚ್ಚು ತೂಕ. ಅವರಿಗೆ ನಿಮ್ಮ ಅಂಕಪಟ್ಟಿ, ಉದ್ದೇಶಪತ್ರದ ಕರಡು, ಕೊನೆಯ ದಿನಾಂಕ ಮೂರನ್ನೂ ಮೊದಲೇ ಕೊಡಿ.

ಹಂತ 8: ಸೇರುವ ಮೊದಲಿನ ತಯಾರಿ

ಕ್ಯೂಜಿಐಎಸ್ ನಕಾಶೆ ಮಾಡುವ ಉಚಿತ ತಂತ್ರಾಂಶ. ಕಳ್ಳ ಪ್ರತಿಯ ದುಬಾರಿ ತಂತ್ರಾಂಶಕ್ಕೆ ಕೈಹಾಕುವ ಅಗತ್ಯವೇ ಇಲ್ಲ. ನಿಮ್ಮ ತಾಲ್ಲೂಕಿನ ಗಡಿ, ಕೆರೆ, ರಸ್ತೆಗಳನ್ನು ಅದರಲ್ಲಿ ಹಾಕಿ, 2011ರ ಜನಗಣತಿಯ ಗ್ರಾಮವಾರು ಅಂಕಿಗಳನ್ನು ಜೋಡಿಸಿ ಒಂದು ನಕಾಶೆ ಮಾಡಿದರೆ ಮೊದಲ ಸೆಮಿಸ್ಟರಿನ ಪ್ರಾಯೋಗಿಕದ ಅರ್ಧ ಮುಗಿದಂತೆ. ಸೆಂಟಿನೆಲ್–2 ಉಪಗ್ರಹದ 10 ಮೀಟರ್ ವಿವರದ ಚಿತ್ರಗಳೂ 1972ರಿಂದ ಇರುವ ಲ್ಯಾಂಡ್‌ಸ್ಯಾಟ್ ಚಿತ್ರಗಳೂ ಉಚಿತವಾಗಿ ಸಿಗುತ್ತವೆ. ಕರ್ನಾಟಕದವರಿಗೆ ಇನ್ನೊಂದು ಅನುಕೂಲವಿದೆ: 2000ದಿಂದ ಗಣಕೀಕೃತವಾಗಿರುವ "ಭೂಮಿ" ಪಹಣಿಗಳು ಮತ್ತು ನಿಂತ ಜಾಗದ ಸರ್ವೆ ನಂಬರ್ ತೋರಿಸುವ "ದಿಶಾಂಕ್" ಆ್ಯಪ್. ಪಹಣಿಯ ಪ್ರತಿಯೊಂದು ಕಾಲಮ್ಮನ್ನು ಓದಲು ಕಲಿಯಿರಿ, ಬೇಕಾದರೆ ಗ್ರಾಮ ಆಡಳಿತ ಅಧಿಕಾರಿಯನ್ನು (ಹಿಂದಿನ ಗ್ರಾಮ ಲೆಕ್ಕಿಗರನ್ನು) ಕೇಳಿ. ಗೋಮಾಳ (ಊರ ದನ ಮೇಯುವ ನೆಲ), ಖರಾಬು (ಸಾಗುವಳಿಗೆ ಬಾರದ ನೆಲ), ಹಿಡುವಳಿಗಳ ವ್ಯತ್ಯಾಸ ತಿಳಿಯದೆ ಕ್ಷೇತ್ರಕ್ಕೆ ಇಳಿದವರಿಗೆ ಜನ ಹೇಳುವ ಅರ್ಧ ಮಾತು ಅರ್ಥವಾಗುವುದಿಲ್ಲ.

ಹಂತ 9: ಕ್ಷೇತ್ರಕಾರ್ಯ ಮತ್ತು ಪ್ರಬಂಧ

ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ವಿಶ್ವವಿದ್ಯಾಲಯದ ಸಮಿತಿಯ ಅನುಮತಿ ಮೊದಲು ಪಡೆಯಬೇಕು. ಸಹಿ ಮಾಡಿದ ಸಮ್ಮತಿಪತ್ರವನ್ನು ಸಮಿತಿ ಕೇಳುವುದು ವಾಡಿಕೆ. ಆದರೆ ಜಮೀನಿನ ತಕರಾರು ಇರುವ ಊರಿನಲ್ಲಿ ಅಪರಿಚಿತರು ಕಾಗದ ಮುಂದೆ ಹಿಡಿದು ಹೆಬ್ಬೆಟ್ಟು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಕನ್ನಡದಲ್ಲಿ ಓದಿ ಹೇಳಿ, ಮೌಖಿಕ ಸಮ್ಮತಿಯನ್ನು ಧ್ವನಿಮುದ್ರಿಸಿಕೊಳ್ಳಲು ಸಮಿತಿಯಿಂದ ಮೊದಲೇ ಒಪ್ಪಿಗೆ ಪಡೆಯಿರಿ.

ಊರಿಗೆ ಹೋದ ಮೊದಲ ದಿನ ಪಂಚಾಯಿತಿ ಸದಸ್ಯರ ಬೈಕಿನ ಹಿಂದೆ ಕುಳಿತು ಸುತ್ತಿದರೆ ಪರಿಚಯ ಬೇಗ ಆಗುತ್ತದೆ ನಿಜ, ಆದರೆ ನೀವು ಯಾರ ಕಡೆಯವರು ಎಂಬುದೂ ಅಂದೇ ತೀರ್ಮಾನವಾಗುತ್ತದೆ. ಅರಳಿಕಟ್ಟೆಯ ಮೇಲೆ ಹಗಲು ಸಿಗುವವರು ಹೆಚ್ಚಾಗಿ ಬಿಡುವಿರುವ ಗಂಡಸರು. ಕೂಲಿ ಹೆಂಗಸರು ಸಿಗುವುದು ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಅಥವಾ ಸಂಜೆ ನೀರು ಹಿಡಿಯುವ ಹೊತ್ತಿಗೆ. ಕುರಿಗಾಹಿಗಳೊಡನೆ ಮಾತಾಡಬೇಕೆಂದರೆ ಕುರಿಯ ಹಿಂದೆ ನಡೆಯಬೇಕು. ಹಾಗೆ ನಡೆಯುವಾಗ ಫೋನಿನ ಜಿಪಿಎಸ್ ಚಾಲೂ ಇಟ್ಟರೆ ಬೇಲಿಯಿಂದ ಮುಚ್ಚಿಹೋದ ಹಳೆಯ ದಾರಿ ಎಲ್ಲಿತ್ತು, ಈಗಿನ ಸುತ್ತುದಾರಿ ಎಷ್ಟು ಉದ್ದ ಎಂಬ ನಕಾಶೆ ತಾನಾಗಿ ಸಿದ್ಧವಾಗುತ್ತದೆ. ಸಂದರ್ಶನದ ಪಟ್ಟಿ ಮಾಡುವಾಗ ಊರ ನಡುವಿನ ಬೀದಿ, ಹೊರಗಿನ ಕೇರಿ, ತಾಂಡಾ ಎಲ್ಲದರಿಂದಲೂ ಜನ ಇದ್ದಾರೆಯೇ ಎಂದು ವಾರಕ್ಕೊಮ್ಮೆ ನೋಡಿಕೊಳ್ಳಿ. ಪಾವಗಡದ ಕಡೆ ಮನೆಮಾತು ತೆಲುಗು ಆಗಿರುವವರು ಬಹಳ, ಅಗತ್ಯವಿದ್ದರೆ ಸಹಾಯಕರನ್ನು ಜೊತೆಗಿಟ್ಟುಕೊಳ್ಳಿ.

ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆಂದು ಲೆಕ್ಕ ಹಾಕಿ, ಅಂದಂದಿನದನ್ನು ಅಂದೇ ಬರೆದಿಡಿ. ಮಾರ್ಗದರ್ಶಕರಿಗೆ ತೋರಿಸುವ ಕರಡಿನಲ್ಲಿ ಕ್ಷೇತ್ರದ ಅಧ್ಯಾಯವನ್ನು ಮೊದಲು ಬರೆದು, ಸಿದ್ಧಾಂತದ ಅಧ್ಯಾಯವನ್ನು ಆಮೇಲೆ ಅದಕ್ಕೆ ಹೊಂದಿಸುವುದು ನಾನು ಶಿಫಾರಸು ಮಾಡುವ ಕ್ರಮ. ಇದರಿಂದ, ಓದಿದ್ದನ್ನೆಲ್ಲ ತುರುಕುವ ಆಸೆಗೆ ತಡೆ ಬೀಳುತ್ತದೆ. ಊರಿನವರ ಹೆಸರು ಬದಲಿಸಿದರೂ ಸರ್ವೆ ನಂಬರ್ ಹಾಗೆಯೇ ಬಿಟ್ಟರೆ ಗುರುತು ಹಿಡಿಯಲು ಎರಡು ನಿಮಿಷ ಸಾಕು. ನಕಾಶೆಗಳಿಂದಲೂ ಅದನ್ನು ತೆಗೆಯಿರಿ.

ಹಂತ 10: ಪ್ರಬಂಧ ಸಲ್ಲಿಸಿದ ಮೇಲೆ

ನೆಟ್ ಪರೀಕ್ಷೆಯಲ್ಲಿ ಭೂಗೋಳಶಾಸ್ತ್ರದ ಸಂಕೇತ ಸಂಖ್ಯೆ 80. ಕೊನೆಯ ವರ್ಷದಲ್ಲಿರುವಾಗಲೇ ಬರೆಯಲು ಅವಕಾಶವಿದೆ, ಜೆಆರ್‌ಎಫ್ (ಕಿರಿಯ ಸಂಶೋಧಕರ ಶಿಷ್ಯವೇತನ) ಸಿಕ್ಕಿದರೆ ಪಿಎಚ್.ಡಿ.ಯ ಹಣದ ಚಿಂತೆ ಬಹುಮಟ್ಟಿಗೆ ತೀರುತ್ತದೆ. ಬೆಂಗಳೂರಿನ ಐಸೆಕ್ (ಸಾಮಾಜಿಕ, ಆರ್ಥಿಕ ಸಂಶೋಧನೆ) ಮತ್ತು ಏಟ್ರೀ (ಪರಿಸರ ಸಂಶೋಧನೆ) ಸಂಸ್ಥೆಗಳಲ್ಲಿ ಪಿಎಚ್.ಡಿ.ಗೆ ಪ್ರಯತ್ನಿಸಬಹುದು, ಸಂಶೋಧನಾ ಸಹಾಯಕರ ಹುದ್ದೆಗಳ ಪ್ರಕಟಣೆಯೂ ಆಗಾಗ ಬರುತ್ತಿರುತ್ತದೆ. ಅಂಥ ಹುದ್ದೆಯ ಸಂದರ್ಶನಕ್ಕೆ ಹೋಗುವಾಗ ಇಡೀ ಪ್ರಬಂಧದ ಬದಲು ನೀವೇ ಮಾಡಿದ ಒಂದು ನಕಾಶೆ, ನೀವೇ ಬರಹಕ್ಕಿಳಿಸಿದ ಒಂದು ಸಂದರ್ಶನ, ನಾಲ್ಕು ಪುಟದ ಸಾರಾಂಶ ಇಷ್ಟನ್ನು ತೆಗೆದುಕೊಂಡು ಹೋಗಿ. ಕೇಳುವವರು ಮೊದಲು ನೋಡುವುದು ನಕಾಶೆಯನ್ನು, ಹೆಚ್ಚು ಹೊತ್ತು ಪ್ರಶ್ನಿಸುವುದು ಸಂದರ್ಶನದ ಮೇಲೆ.